ಮೊಣಕಾಲಿಗೆ ಮೊಣಕಾಲು

ಟಂಟಂ ಕಟ್ಟಿದವರು ಮನುಷ್ಯರ ಮಾತುಕತೆಯ ಬಗ್ಗೆ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಮೂರು ಗಾಲಿಯ ಮೇಲೆ ಎಷ್ಟು ಮಂದಿಯನ್ನು ಕೂಡಿಸಬಹುದು ಎಂಬುದಷ್ಟೇ ಅವರ ಲೆಕ್ಕಾಚಾರ. ಆದರೆ ಹಿಂದಿನ ಎರಡು ಬಾಕುಗಳನ್ನು ಎದುರುಬದುರು ಇಟ್ಟುಬಿಟ್ಟರು. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಹತ್ತಿ ತಾರಿಹಾಳದ ಕಡೆ ಹೊರಟವರ ಮೊಣಕಾಲು ಎದುರಿನವರ ಮೊಣಕಾಲಿಗೆ ತಾಗುತ್ತದೆ. ಅದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ. ಕೇಳುತ್ತ ಹೋದರೆ ಇಳಿಯುವ ತನಕ ಕೇಳಬೇಕಾದೀತು. ತೊಂದರೆ ಇರುವುದು ಕಣ್ಣುಗಳದ್ದು. ಅವನ್ನು ಎಲ್ಲಿಡಬೇಕು? ಎದುರಿನವರ ಮುಖದ ಮೇಲಿಟ್ಟರೆ ದುರುಗುಟ್ಟಿ ನೋಡಿದ ಹಾಗಾಗುತ್ತದೆ. ಅವರ ತೊಡೆಯ ಮೇಲಿನ ಚೀಲದ ಮೇಲಿಟ್ಟರೆ ಒಳಗೇನಿದೆ ಎಂದು ಹುಡುಕಿದ ಹಾಗಾಗುತ್ತದೆ. ಹೊರಗೆ ನೋಡೋಣವೆಂದರೆ ಅಲ್ಲೊಬ್ಬ ಒಂದು ಕಾಲು ಒಳಗೆ, ಇನ್ನೊಂದು ಕಾಲು ಗಾಳಿಯಲ್ಲಿಟ್ಟು ಜೋತುಬಿದ್ದಿರುತ್ತಾನೆ. ಹೀಗೆ ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಉಳಿಯುವ ಮರ್ಯಾದೆಯ ದಾರಿ ಒಂದೇ, ಬಾಯಿ ತೆರೆಯುವುದು.

"ಯಾವೂರ್ರಿ ನಿಮ್ಮದು?"

ಇದೇ ಅವಳಿನಗರದಲ್ಲಿ ಚಿಗರಿಯೂ ಓಡುತ್ತದೆ. 2018ರ ಅಕ್ಟೋಬರಿನಲ್ಲಿ ರಸ್ತೆಗಿಳಿದು, 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿಗಳ ಕೈಯಿಂದ ಶಾಸ್ತ್ರೋಕ್ತವಾಗಿ ಉದ್ಘಾಟನೆಯಾದ ಬಸ್ಸು ಅದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿ.ಮೀ. ದೂರವನ್ನು ತನ್ನದೇ ಪ್ರತ್ಯೇಕ ಓಣಿಯಲ್ಲಿ ತಣ್ಣಗೆ ದಾಟಿಸುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ; ಧಾರವಾಡದಲ್ಲಿ ಕೆಲಸವಿದ್ದಾಗ ನಾನೂ ಅದನ್ನೇ ಹತ್ತುತ್ತೇನೆ. ಆದರೆ ಅದರಲ್ಲಿ ಬಹುತೇಕ ಸೀಟುಗಳು ಮುಂದಕ್ಕೆ ಮುಖ ಮಾಡಿವೆ. ಕಾಣುವುದು ಮುಂದಿನವರ ಬೆನ್ನು, ಕೂದಲಿನ ಎಣ್ಣೆ, ಅಂಗಿಯ ಕಾಲರು. ಮುಂದಿನ ನಿಲ್ದಾಣ ಯಾವುದೆಂದು ಧ್ವನಿವರ್ಧಕವೇ ಹೇಳಿಬಿಡುವುದರಿಂದ "ಇದ್ಯಾವ ಸ್ಟಾಪ್ರಿ?" ಎಂದು ಪಕ್ಕದವರನ್ನು ಕೇಳುವ ಪರಂಪರಾಗತ ಹಕ್ಕೂ ಹೋಯಿತು. ಚಿಗರಿಯ ದಾರಿ ತಾರಿಹಾಳಕ್ಕೆ ಹಾಯುವುದಿಲ್ಲ. ಇದು ತಾರಿಹಾಳದ ದುರ್ದೈವ ಎಂದು ಅಲ್ಲಿಯ ಕಾರ್ಖಾನೆಯವರು ಹೇಳುತ್ತಾರೆ. ನನ್ನದು ಬೇರೆ ಅಭಿಪ್ರಾಯ.

ತಾರಿಹಾಳ ಹುಬ್ಬಳ್ಳಿಯ ಅಂಚಿನ ಹಳ್ಳಿ. ಹಳ್ಳಿಯ ಹೆಸರನ್ನೇ ಹೊತ್ತ ಕೈಗಾರಿಕಾ ಪ್ರದೇಶ ಬಂದ ಮೇಲೆ, ಹೆಸರು ಹೇಳಿದರೆ ಮಂದಿಗೆ ಮೊದಲು ನೆನಪಾಗುವುದು ತಗಡಿನ ಶೆಡ್ಡುಗಳೇ. ಎರಕದ ಘಟಕಗಳು, ಲೇಥ್ ಮಶೀನುಗಳ ವರ್ಕ್‌ಶಾಪುಗಳು, ಪ್ಲಾಸ್ಟಿಕ್ಕು, ಪ್ಯಾಕಿಂಗು. ಒಂದು ಕಡೆ ವಿಮಾನಗಳು ಇಳಿಯುತ್ತವೆ, ಇನ್ನೊಂದು ಕಡೆ ಬೈಪಾಸಿನಲ್ಲಿ ಲಾರಿಗಳು ಹಾಯುತ್ತವೆ, ನಡುವೆ ಜೋಳ ಮತ್ತು ಹತ್ತಿ ಬೆಳೆಯುವ ಕರಿ ನೆಲ ಅಲ್ಲಲ್ಲಿ ಇನ್ನೂ ಪಟ್ಟು ಬಿಡದೆ ಕೂತಿದೆ. ನಾನು ಇಲ್ಲಿಯ ಸಣ್ಣಪುಟ್ಟ ಘಟಕಗಳ ಲೆಕ್ಕ ಬರೆಯುವವ. ತಿಂಗಳ ಕೊನೆಗೆ ಜಿಎಸ್‌ಟಿ, ವರ್ಷದ ಕೊನೆಗೆ ಆದಾಯ ತೆರಿಗೆ. ನನ್ನ ಉದ್ಯೋಗದಲ್ಲಿ ಜನ ನನ್ನೊಡನೆ ಖುಷಿಯಿಂದ ಮಾತಾಡುವ ಸಂದರ್ಭಗಳು ಕಡಿಮೆ. ಹೀಗಾಗಿ ಶೆಡ್ಡಿನ ಹೊರಗೆ, ನನ್ನ ಉದ್ಯೋಗ ಗೊತ್ತಿಲ್ಲದವರ ನಡುವೆ ಕೂತು ಚಾ ಕುಡಿಯುವುದೆಂದರೆ ನನಗೆ ಹಬ್ಬ.

ಹೊರಗಿನಿಂದ ಬಂದವರಿಗೆ ನಮ್ಮ ಕಡೆಯ ಪ್ರಶ್ನೆಗಳು ದಾಳಿಯಂತೆ ಅನಿಸುವುದುಂಟು. ಬೆಂಗಳೂರಿನಿಂದ ಯಂತ್ರ ರಿಪೇರಿಗೆ ಬಂದಿದ್ದ ಹುಡುಗನೊಬ್ಬ ಚಾದಂಗಡಿಯಲ್ಲಿ ಕೂತು ನನಗೆ ದೂರು ಹೇಳಿದ: "ಸರ್, ಹೆಸರು ಕೇಳೋಕೆ ಮುಂಚೆ ಮದುವೆ ಆಗಿದೆಯಾ ಅಂತಾರಲ್ಲ!" ನಿಜ. ಇಲ್ಲಿ ಪ್ರಶ್ನೆಗಳಿಗೊಂದು ಕ್ರಮವಿದೆ, ಮತ್ತು ಅದರಲ್ಲಿ ಹೆಸರಿಗೆ ಅಂಥ ಮುಖ್ಯ ಜಾಗವಿಲ್ಲ. ಮೊದಲು ಊರು. ಊರು ತಿಳಿದೊಡನೆ ಆ ಊರಿನ ಮಳೆ: "ಮಳಿ ಆತೇನ್ರಿ ನಿಮ್ ಕಡೆ?" ಈ ಪ್ರಶ್ನೆಯನ್ನು ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವವನಿಗೂ ಅದೇ ಗಾಂಭೀರ್ಯದಿಂದ ಕೇಳಲಾಗುತ್ತದೆ. ಆಮೇಲೆ ಆ ಊರಿನಲ್ಲಿ ಕೇಳಿದವರಿಗೆ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯನನ್ನು ಹುಡುಕಿ ತೆಗೆಯುವುದು. "ಅಲ್ಲೇ ಬಸ್‌ಸ್ಟ್ಯಾಂಡ್ ಹಂತೇಕ ಒಬ್ರು ಎಣ್ಣಿ ಅಂಗಡಿ ಇಟ್ಟಿದ್ರಲ್ರಿ, ಅವರು ಅದಾರನ್ರಿ ಈಗ?" ಅವರು ತೀರಿಕೊಂಡಿರುತ್ತಾರೆ. ಇಬ್ಬರೂ ಸೇರಿ ಆ ಎಣ್ಣೆ ಅಂಗಡಿಯವರಿಗಾಗಿ ಅರ್ಧ ನಿಮಿಷ ಮರುಗುತ್ತಾರೆ. ಇಷ್ಟಾದ ಮೇಲೆ ಇವರನ್ನು ಅಪರಿಚಿತರು ಎನ್ನಲಿಕ್ಕೆ ಬರುವುದಿಲ್ಲ.

ಹೆಸರು ಬರುವ ಮೊದಲೇ ಸಂಬಂಧ ಬಂದಿರುತ್ತದೆ. ಕಾಕಾ, ಅಣ್ಣಾ, ಯಕ್ಕಾ, ಅವ್ವಾ, ತಮ್ಮಾ. ಚಾದಂಗಡಿಯವನಿಗಂತೂ ಊರಿಗೆ ಊರೇ ಮಾವಂದಿರು. ಒಬ್ಬ ಮುದುಕರು ಕಂಡ ಕಂಡ ಹರೆಯದ ಹುಡುಗರನ್ನೆಲ್ಲ "ಅಳಿಯಾ" ಎಂದು ಕರೆಯುತ್ತಿದ್ದರು. ಅವರಿಗೆ ಹೆಣ್ಣುಮಕ್ಕಳೇ ಇರಲಿಲ್ಲ. ಆದ್ದರಿಂದ ಆ ಔದಾರ್ಯದಲ್ಲಿ ಅಪಾಯವೂ ಇರಲಿಲ್ಲ.

ನಾಲ್ಕನೆಯ ಪ್ರಶ್ನೆಯಲ್ಲಿ ಮಾತ್ರ ನನ್ನ ಗಂಟಲು ಕಟ್ಟುತ್ತದೆ. "ಯಾರ ಪೈಕಿ ನೀವು?" ಕೇಳುವವರು ಬಹಳ ಸಲ ದುರುದ್ದೇಶದಿಂದ ಕೇಳಿರುವುದಿಲ್ಲ. ಮನೆತನ ತಿಳಿದರೆ ಎಲ್ಲಿಯಾದರೂ ಬಳಗದ ಎಳೆ ಹತ್ತೀತು ಎಂಬ ಆಸೆ. ಆದರೆ ಉತ್ತರ ಕೇಳಿದ ಮೇಲೆ ಕೆಲವರ ಮೊಣಕಾಲು ಒಂದಿಷ್ಟು ಹಿಂದೆ ಸರಿಯುವುದನ್ನು ಅದೇ ಟಂಟಂನಲ್ಲಿ ನೋಡಿದ್ದೇನೆ. ಜಾಗವೇ ಇಲ್ಲದಲ್ಲಿ ಅದು ಹೇಗೆ ಸರಿಯುತ್ತದೋ! ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಎದುರಾಡಿದ್ದು ಇದೇ ಪ್ರಶ್ನೆಗೆ. ಅವರ 'ಇವನಾರವ' ವಚನವನ್ನು ಬಾಯಿಪಾಠ ಮಾಡಿ ಶಾಲೆಯಲ್ಲಿ ಬಹುಮಾನ ಪಡೆದವರೇ ಚಾದಂಗಡಿಯಲ್ಲಿ ಈ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ನಾನು ಕೇಳಿದ ಉತ್ತಮ ಉತ್ತರ ಒಬ್ಬ ವೆಲ್ಡಿಂಗ್ ಕೆಲಸದವರದು. ಕಪ್ಪು ಕನ್ನಡಕ ಹಣೆಗೇರಿಸಿಕೊಂಡು ಬಜಿ ತಿನ್ನುತ್ತಿದ್ದರು. "ಯಾರ ಪೈಕಿರೀ ನೀವು?" ಎಂದದ್ದಕ್ಕೆ, ಬಾಯಲ್ಲಿದ್ದ ಮೆಣಸಿನಕಾಯಿ ನುಂಗಿ, "ಉಣ್ಣವರ ಪೈಕಿರಿ" ಎಂದರು. ಕೇಳಿದವರು ಸೇರಿ ಎಲ್ಲರೂ ನಕ್ಕರು. ಇನ್ನೊಂದು ಪ್ಲೇಟ್ ಬಜಿ ಬಂತು.

ಒಡಿಶಾದಿಂದ, ಬಿಹಾರದಿಂದ ಬಂದ ಹುಡುಗರಿಗೆ ಈ ನಾಲ್ಕನೆಯ ಪ್ರಶ್ನೆಯಿಂದ ಸಲೀಸಾದ ಬಿಡುಗಡೆ ಸಿಕ್ಕಿದೆ. ಅವರ ಊರು ಕೇಳಿದರೆ ನಮ್ಮವರಿಗೆ ಮುಂದೆ ಹಿಡಿಯಲು ಎಳೆಯೇ ಇಲ್ಲ. ಅಲ್ಲಿ ಎಣ್ಣೆ ಅಂಗಡಿ ಇಟ್ಟವರು ಯಾರೂ ಗೊತ್ತಿಲ್ಲ, ಪೈಕಿ ಹೇಳಿದರೂ ತಿಳಿಯುವುದಿಲ್ಲ. ಹೀಗಾಗಿ ಮಾತು ನೇರ ಕೆಲಸಕ್ಕೆ ಜಿಗಿಯುತ್ತದೆ: "ಏನ್ ಕೆಲಸ ಮಾಡ್ತಿಯೋ ತಮ್ಮಾ ಅಲ್ಲೆ?" ಅರ್ಧ ಹಿಂದಿ, ಅರ್ಧ ಕನ್ನಡ, ಉಳಿದದ್ದು ಕೈಸನ್ನೆ. ಇದನ್ನು ಗಮನಿಸಿದಂದಿನಿಂದ ನಾನು ಊರವರನ್ನೂ ಹೀಗೇ ಕೇಳತೊಡಗಿದೆ. ಊರು, ಮಳೆ ಆದೊಡನೆ ಪೈಕಿಯನ್ನು ಹಾರಿಸಿ ಕೆಲಸಕ್ಕೆ ಬರುವುದು. ಏನು ಕೆಲಸ ಎಂದಷ್ಟೇ ಅಲ್ಲ, ಹೇಗೆ ಮಾಡುತ್ತೀರಿ ಎಂದು. ಆಗ ತಾರಿಹಾಳ ನನಗೆ ಬೇರೆಯೇ ಆಗಿ ಕಾಣತೊಡಗಿತು.

ಕುಂದಗೋಳದ ಕಡೆಯವರೊಬ್ಬರು, ಹೊಲ ಇದ್ದೂ ಮಳೆ ಇಲ್ಲದೆ ಎರಕದ ಕೆಲಸಕ್ಕೆ ಬಂದವರು. ಕೈಯ ಹಿಂಬದಿಯಲ್ಲಿ ಕಿಡಿ ಬಿದ್ದ ಸಣ್ಣ ಸಣ್ಣ ಕಲೆಗಳು. ಒಂದು ಚಾ ಮುಗಿಯುವ ಹೊತ್ತು ನಾವು ಜೊತೆಗಿದ್ದೆವು. ಕಬ್ಬಿಣ ಸರಿಯಾಗಿ ಕರಗಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಮೀಟರ್ ಐತಲ್ರಿ. ಸಾವಿರದ ನಾಕ್ನೂರರ ಆಜೂಬಾಜೂ ತೋರಿಸ್ತೈತಿ. ಖರೆ ನಾವು ಮೀಟರ್ ನೋಡೂಕಿಂತ ಮೊದ್ಲ ಬಣ್ಣ ನೋಡ್ತೀವಿ. ಕೆಂಪ ಹೋಗಿ ಕಿತ್ತಳಿ, ಕಿತ್ತಳಿ ಹೋಗಿ ಹಳದಿ, ಹಳದಿ ಹೋಗಿ ಇನ್ನೇನ್ ಬೆಳ್ಳಗ ಆಕ್ಕೈತಿ ಅನ್ನೂ ಹೊತ್ತಿಗೆ ಎಬ್ಬಿಸ್ಬೇಕ್ರಿ. ತಡಾ ಮಾಡಿದ್ರ ಅದೂ ಹಾಳು, ಲಗೂ ಮಾಡಿದ್ರ ಮೂಲ್ಯಾಗ ಹರಿಯೂದೇ ಇಲ್ಲ."

ಮಾತು ಉಸುಕಿನ ಕಡೆ ತಿರುಗಿತು. ಅಚ್ಚು ಮಾಡುವ ಉಸುಕಿಗೆ ಜೇಡಿ ಬೆರೆಸಿ ನೀರು ಹದ ಮಾಡಬೇಕು. ನೀರು ಹೆಚ್ಚಾದರೆ ಕಾದ ಕಬ್ಬಿಣ ಬಿದ್ದೊಡನೆ ಆವಿ ಎದ್ದು, ಎರಕದ ಹೊಟ್ಟೆಯಲ್ಲಿ ಗುಳ್ಳೆಗಳು ಉಳಿಯುತ್ತವೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ಅವರು ರಸ್ತೆ ಬದಿಯ ಮಣ್ಣನ್ನೇ ಮುಷ್ಟಿಯಲ್ಲಿ ಹಿಡಿದು ಅದುಮಿ, ನನ್ನ ಮುಂದೆ ಅಂಗೈ ಬಿಚ್ಚಿದರು. ಬೆರಳಿನ ಗುರುತು ಮೂಡಿರಬೇಕು, ಎರಡು ಮಾಡಿದರೆ ಮುರಿದ ಅಂಚು ಚೂಪಾಗಿ ನಿಲ್ಲಬೇಕು, ಅದೇ ಹದ. "ನಮ್ಮವ್ವ ರೊಟ್ಟಿ ಹಿಟ್ಟು ನಾದೂದು ನೋಡೇ ಕಲ್ತಿದ್ದು ಇದು. ಅಕಿ ಬಿಸಿನೀರ ಹಾಕ್ತಿದ್ಲು, ನಾವು ತಣ್ಣೀರು. ಅಷ್ಟ ಫರಕು." ಗ್ಲಾಸು ಕೆಳಗಿಟ್ಟು, ತುಸು ನಾಚಿದ ದನಿಯಲ್ಲಿ ಹೇಳಿದರು: "ಇದನ್ನ ಮನ್ಯಾಗ ಯಾರೂ ಕೇಳಿಲ್ರಿ ಇಷ್ಟ ದಿನಾ. ಪಗಾರ ಆತೇನು ಅಂತ ಕೇಳ್ತಾರ."

ಲೇಥ್ ಮಶೀನಿನ ಮುಂದೆ ಕೂದಲು ಬೆಳ್ಳಗಾದ ಇನ್ನೊಬ್ಬರು ಕಿವಿಯ ಮಾತು ಹೇಳಿದರು. ಟೂಲು ಮೊಂಡಾದದ್ದು ಕಣ್ಣಿಗೆ ಕಾಣುವ ಮೊದಲೇ ಸದ್ದಿನಲ್ಲಿ ತಿಳಿಯುತ್ತದಂತೆ. ಉಕ್ಕು ಕೊರೆಯುವಾಗ ಸುರುಳಿಸುರುಳಿಯಾಗಿ ಬೀಳುವ ಚೂರು ನೀಲಿ ಬಣ್ಣಕ್ಕೆ ತಿರುಗಿದ್ದರೆ ಸಂತೋಷಪಡಬೇಕು, ಕಾವೆಲ್ಲ ಚೂರಿನೊಡನೆ ಹೊರಟುಹೋಯಿತು ಎಂದರ್ಥ. ಅವರು ದುಡಿಯುವ ಘಟಕದ ಲೆಕ್ಕವನ್ನು ಬಹಳ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಪುಸ್ತಕದಲ್ಲಿ ಆ ನೀಲಿ ಸುರುಳಿಗೆ 'ಸ್ಕ್ರ್ಯಾಪ್ ಮಾರಾಟ' ಎಂಬ ಒಂದು ಸಾಲಿದೆ. ಅವರಿಗೆ ನನ್ನ ಉದ್ಯೋಗ ಹೇಳಲಿಲ್ಲ. ಹೇಳಿದ್ದರೆ ಮಾತು ಅಲ್ಲಿಗೇ ನಿಂತು ಪಿಎಫ್ ಕಡೆ ಹೊರಳುತ್ತಿತ್ತು.

ಇಂಥ ಮಾತಿನಿಂದ ಏನು ಲಾಭ ಎಂದು ಕೇಳುವವರು ಹುಬ್ಬಳ್ಳಿಯಲ್ಲಿ ಇದ್ದೇ ಇರುತ್ತಾರೆ, ವ್ಯಾಪಾರದ ಊರು. ಅವರಿಗೆ ಅಮೆರಿಕದಿಂದ ಉತ್ತರ ಬಂದಿದೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಸಮೀಪದ ನ್ಯೂಟನ್ ಎಂಬಲ್ಲಿ, ಉದ್ಯೋಗ ಬದಲಿಸಿದವರನ್ನು ಹಿಡಿದು, ಈ ಕೆಲಸದ ಸುದ್ದಿ ಯಾರಿಂದ ಸಿಕ್ಕಿತು ಎಂದು ವಿಚಾರಿಸಿದ. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 17 ಕೂಡ ಇರಲಿಲ್ಲ. ಶೇ. 56ರಷ್ಟು ಮಂದಿಗೆ ಸುದ್ದಿ ಕೊಟ್ಟವರು ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು, ಶೇ. 28ರಷ್ಟು ಮಂದಿಗೆ ಕೊಟ್ಟವರು ಅಪರೂಪಕ್ಕೆ ಕಾಣುತ್ತಿದ್ದವರು. ಈ ಸಡಿಲ ನಂಟುಗಳಿಗೇ ಬಲ ಹೆಚ್ಚು ಎಂದು 1973ರಲ್ಲಿ ಪ್ರಬಂಧ ಬರೆದು ಆತ ಜಗತ್ಪ್ರಸಿದ್ಧನಾದ. ಕಾರಣ ಸರಳ. ಜೀವದ ಗೆಳೆಯನಿಗೆ ಗೊತ್ತಿರುವುದೆಲ್ಲ ನಮಗೂ ಮೊದಲೇ ಗೊತ್ತಿರುತ್ತದೆ. ಹೊಸ ಸುದ್ದಿ ಬೇರೆ ಬಳಗದವನಿಂದಲೇ ಬರಬೇಕು.

ತಾರಿಹಾಳದ ಚಾದಂಗಡಿಯಲ್ಲಿ ಕೂತವರಿಗೆ ಇದಕ್ಕೆ ಪ್ರಬಂಧ ಬೇಕಿರಲಿಲ್ಲ. ಗೇಟಿನ ಮೇಲೆ 'ಕೆಲಸಗಾರರು ಬೇಕಾಗಿದ್ದಾರೆ' ಎಂಬ ಬೋರ್ಡು ತೂಗುಬೀಳುವ ಮೊದಲೇ, ಯಾವ ಶೆಡ್ಡಿನಲ್ಲಿ ಯಾರು ಬಿಟ್ಟರು, ಎಲ್ಲಿ ಓಟಿ ಸರಿಯಾಗಿ ಕೊಡುತ್ತಾರೆ, ಯಾವ ಮಾಲಕ ತಿಂಗಳ ಏಳನೇ ತಾರೀಖಿಗೆ ಪಗಾರ ಎಂದು ಹೇಳಿ ಇಪ್ಪತ್ತಕ್ಕೆ ಕೊಡುತ್ತಾನೆ, ಎಲ್ಲ ಅಲ್ಲಿ ಹರಿದಾಡಿರುತ್ತದೆ. ಹೇಳುವವನಿಗೆ ಕೇಳುವವನ ಹೆಸರು ಗೊತ್ತಿರುವುದಿಲ್ಲ. "ನಾಳೆ ಎಂಟಕ್ಕ ಗೇಟಿಗೆ ಬಾ, ಸೂಪರ್ವೈಸರ್‌ಗೆ ಚಾದಂಗಡ್ಯಾಗಿನ ಅಣ್ಣ ಹೇಳ್ಯಾನ ಅಂತ ಹೇಳು." ಈ ಶಿಫಾರಸಿನ ಮೇಲೆ ಕೆಲಸ ಸಿಕ್ಕದ್ದನ್ನು ನಾನೇ ಪಗಾರದ ಪಟ್ಟಿಯಲ್ಲಿ ಬರೆದಿದ್ದೇನೆ.

ಮಾತಿಗೆ ನೆಪ ಬೇಕು. ನೆಪಗಳು ಒಂದೊಂದಾಗಿ ಕರಗುತ್ತಿವೆ. ದಾರಿ ಕೇಳುವುದು ಮೊಬೈಲಿನ ನಕಾಶೆ ಬಂದ ಮೇಲೆ ಹೋಯಿತು, ಟೈಮ್ ಕೇಳುವುದು ಅದಕ್ಕೂ ಮೊದಲೇ ಹೋಗಿತ್ತು, ಬೆಂಕಿಪೆಟ್ಟಿಗೆ ಕೇಳುವವರನ್ನು ಆರೋಗ್ಯ ಇಲಾಖೆ ಕಡಿಮೆ ಮಾಡಿತು. ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಚಿಲ್ಲರೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಲ್ಲಿ ಹುಬ್ಬಳ್ಳಿಯಲ್ಲೇ ಕಚೇರಿ ಮಾಡಿಕೊಂಡು ಹುಟ್ಟಿದ್ದು. ನಮ್ಮ ಬಸ್ಸುಗಳು ಅದರವು. ಕಂಡಕ್ಟರರ ಚೀಲದಲ್ಲಿ ಚಿಲ್ಲರೆ ಇಲ್ಲದಾಗ ಅವರು ಒಂದು ಅದ್ಭುತ ಉಪಾಯ ಮಾಡುತ್ತಿದ್ದರು. ಬಾಕಿ ಬರಬೇಕಾದ ಇಬ್ಬರು ಪ್ರಯಾಣಿಕರನ್ನು ಹುಡುಕಿ, ಒಂದೇ ನೋಟನ್ನು ಒಬ್ಬರ ಕೈಗಿತ್ತು, "ನೀವಿಬ್ರೂ ಹಂಚ್ಕೋರಿ" ಎಂದು ಮುಂದೆ ಹೋಗಿಬಿಡುವುದು.

ಸಪ್ತಪದಿಯಲ್ಲೂ ಇಷ್ಟು ಬೇಗ ಗಂಟು ಬೀಳುವುದಿಲ್ಲ. ನೋಟು ಹಿಡಿದವನ ಮೇಲೆ ಇನ್ನೊಬ್ಬ ಕಣ್ಣಿಟ್ಟಿರಬೇಕು. ಅವನು ಹಿಂದಿನ ಬಾಗಿಲಿನಿಂದ ಇಳಿದರೆ ಇವನೂ ಗದ್ದಲದಲ್ಲಿ ನುಗ್ಗಿ ಅದೇ ಬಾಗಿಲಿನಿಂದ ಇಳಿಯಬೇಕು. ಅವನ ಸ್ಟಾಪು ಮೊದಲು ಬಂದರೆ ಯಾರು ಯಾರ ಸ್ಟಾಪಿಗೆ ಹೋಗಬೇಕು ಎಂಬುದು ಸಂಧಾನದ ವಿಷಯ. ಇಳಿದ ಮೇಲೆ ಯಾವ ಅಂಗಡಿಯವನೂ ಸುಮ್ಮನೆ ಚಿಲ್ಲರೆ ಕೊಡುವುದಿಲ್ಲ, ಏನಾದರೂ ಕೊಳ್ಳಬೇಕು. ಚಾ ಕುಡಿಯೋಣ ಎಂದಾಗುತ್ತದೆ. ಚಾ ಕುಡಿಯುತ್ತ ಊರು, ಮಳೆ. ಕೊನೆಗೆ ಇಬ್ಬರ ಪಾಲಿನ ಹಣದಲ್ಲಿ ಚಾದ ಹಣ ಕಳೆದು, ಉಳಿದದ್ದನ್ನು ಎರಡು ಮಾಡಿ, ಹೆಚ್ಚಿಗೆ ಬಂದ ಒಂದು ರೂಪಾಯಿಯನ್ನು "ಇರ್ಲಿ ಬಿಡ್ರಿ" "ಇಲ್ಲಿಲ್ಲ, ನಿಮ್ದು" ಎಂದು ಹಿಂದಕ್ಕೂ ಮುಂದಕ್ಕೂ ನೂಕಿ, ಆಮೇಲೆ ಬೇರೆಯಾಗುವುದು. ಈಗ ಕಂಡಕ್ಟರರ ಕೊರಳಿನಲ್ಲಿ ಕ್ಯೂಆರ್ ಕೋಡು ತೂಗುತ್ತದೆ. ಪೈಸೆಗೆ ಪೈಸೆ ಸರಿ. ಲೆಕ್ಕ ಬರೆಯುವವನಾಗಿ ನಾನು ಇದನ್ನು ಹೊಗಳಬೇಕು. ಹೊಗಳುತ್ತೇನೆ.

ಕುಂದಗೋಳದವರ ವಿಷಯ ಬಂತಲ್ಲ, ಆ ಊರಿನ ಹೆಸರು ಕೇಳಿದಾಗೆಲ್ಲ ನನಗೆ ರೈಲಿನಲ್ಲಿ ಕೂತ ಒಬ್ಬ ಹುಡುಗ ನೆನಪಾಗುತ್ತಾನೆ. ಗದಗಿನ ಮಾಸ್ತರರ ಮಗ, ಹನ್ನೊಂದರ ವಯಸ್ಸು, 1933. ಹಾಡು ಕಲಿಯಬೇಕೆಂದು ಮನೆ ಬಿಟ್ಟು ಹೊರಟವನ ಹತ್ತಿರ ದುಡ್ಡಿರಲಿಲ್ಲ. ಸಹಪ್ರಯಾಣಿಕರು ಕೊಟ್ಟ ಹಣದ ನೆರವಿನಿಂದ ದಾರಿ ಸಾಗಿಸಿ, ಕೊನೆಗೆ ಗ್ವಾಲಿಯರ್ ಮುಟ್ಟಿದ. ಕೆಲ ವರ್ಷ ಉತ್ತರದಲ್ಲೆಲ್ಲ ಅಲೆದ ಮೇಲೆ ತಂದೆ ಅವನನ್ನು ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು. 1936ರಲ್ಲಿ ಅವನಿಗೆ ಗುರು ಸಿಕ್ಕಿದ್ದು ಮನೆಯ ಬಗಲಿಗೇ ಇದ್ದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಹುಡುಗ ಭೀಮಸೇನ ಜೋಶಿ, 2008ರಲ್ಲಿ ಭಾರತರತ್ನ. ಗುರುವಿನ ಹೆಸರು ಎಲ್ಲರಿಗೂ ಗೊತ್ತು, ತಂದೆಯ ಹೆಸರೂ ದಾಖಲೆಯಲ್ಲಿದೆ. ಆ ಡಬ್ಬಿಯಲ್ಲಿ ಕೂತಿದ್ದವರು ಯಾರು? ಯಾವ ಊರಿನ ವ್ಯಾಪಾರಿ, ಯಾವ ತಾಯಿ? "ಒಬ್ಬನೇ ಎಲ್ಲಿಗೆ ಹೊಂಟಿ ತಮ್ಮಾ?" ಎಂದು ಯಾರೋ ಒಬ್ಬರು ಮೊದಲು ಕೇಳಿರಲೇಬೇಕು. ಕೇಳದೆ ಹಣ ಯಾಕೆ ಕೊಟ್ಟಾರು? ಈಗಿನ ಮರ್ಯಾದಸ್ಥರ ಡಬ್ಬಿಯಾಗಿದ್ದರೆ ನಾವೆಲ್ಲ ಕಿವಿಗೆ ಬಿರಡೆ ಹಾಕಿಕೊಂಡು, ಹುಡುಗನ ಖಾಸಗಿತನವನ್ನು ಗೌರವಿಸುತ್ತ ಕೂತಿರುತ್ತಿದ್ದೆವೇನೋ. ಅಥವಾ ಮಕ್ಕಳ ಸಹಾಯವಾಣಿಗೆ ಫೋನ್ ಮಾಡುತ್ತಿದ್ದೆವು. ಅದು ತಪ್ಪು ಎಂದು ನಾನು ಹೇಳಲಾರೆ, ಹಿಂದುಸ್ತಾನಿ ಸಂಗೀತಕ್ಕೆ ಮಾತ್ರ ನಷ್ಟವಾಗುತ್ತಿತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೀಟಿನ ಹಣ ಇಲ್ಲದಾದ ಮೇಲೆ, ಬಸ್ಸಿನ ಮಾತಿನ ಸ್ವರೂಪವೇ ಬೇರೆಯಾಗಿದೆ. ಪ್ಯಾಕಿಂಗ್ ಕೆಲಸ ಮುಗಿಸಿ ಹೊರಟ ಹೆಣ್ಣುಮಕ್ಕಳು, ತವರಿಗೆ ಹೊರಟವರು, ದವಾಖಾನೆಗೆ ಹೊರಟವರು, ಶ್ರಾವಣದಲ್ಲಿ ಸಿದ್ಧಾರೂಢ ಮಠಕ್ಕೆ ಹೊರಟವರು. ಗಂಡಸರ ಮಾತು ಊರು, ಮಳೆ ಎಂದು ಸುತ್ತು ಬಳಸಿ ಬಂದರೆ, ಇವರು ಗೋಕುಲ ರೋಡು ಮುಗಿಯುವುದರೊಳಗೆ ಸಂಸಾರದ ನಡುಮನೆಗೆ ಬಂದಿರುತ್ತಾರೆ. ನನ್ನ ಹಿಂದಿನ ಸೀಟಿನಲ್ಲಿ ಒಬ್ಬಾಕೆ ಪಕ್ಕದಾಕೆಗೆ, ಗಂಡನಿಗೆ ಗೊತ್ತಿಲ್ಲದೆ ಚೀಟಿ ಕಟ್ಟುತ್ತಿರುವುದನ್ನೂ ಮಗಳನ್ನು ನರ್ಸಿಂಗಿಗೆ ಹಚ್ಚುವ ವಿಚಾರವನ್ನೂ ಹೇಳುತ್ತಿದ್ದಳು. "ನಮ್ಮಕ್ಕಗೂ ಹೇಳಿಲ್ಲ ನೋಡ್ರಿ ಇದನ್ನ." ಹೇಳುತ್ತಿದ್ದದ್ದು ಎರಡು ಸ್ಟಾಪು ಹಿಂದೆ ಹತ್ತಿದವಳಿಗೆ. ಜಾರ್ಜ್ ಸಿಮೆಲ್ ಎಂಬ ಜರ್ಮನ್ ಚಿಂತಕ 1908ರಲ್ಲೇ ಇದನ್ನು ಗುರುತಿಸಿದ್ದ: ಹತ್ತಿರದವರಿಂದ ಜೋಪಾನವಾಗಿ ಮುಚ್ಚಿಟ್ಟದ್ದನ್ನು ಜನ ಪರಕೀಯನ ಮುಂದೆ ಬಿಚ್ಚಿಡುತ್ತಾರೆ ಎಂದು. ಅಕ್ಕನಿಗೆ ಹೇಳಿದರೆ ಅಕ್ಕ ಅದನ್ನು ಇನ್ನೊಂದು ಜಗಳದಲ್ಲಿ ಹೊರಗೆ ತೆಗೆಯಬಹುದು. ಹೊಸ ಬಸ್‌ಸ್ಟ್ಯಾಂಡಿನಲ್ಲಿ ಇಳಿದುಹೋಗುವವಳ ಹತ್ತಿರ ಆ ಗುಟ್ಟು ಬ್ಯಾಂಕಿಗಿಂತ ಭದ್ರ. ಪಕ್ಕದಾಕೆ ಉಪದೇಶ ಮಾಡಲಿಲ್ಲ. ನರ್ಸಿಂಗಿಗೆ ಯಾವ ಯಾವ ಕಾಗದ ಬೇಕು ಎಂದು ಬೆರಳು ಮಡಚಿ ಹೇಳಿದಳು. ಅವಳ ಮಗಳು ಆಗಲೇ ಎರಡನೇ ವರ್ಷದಲ್ಲಿದ್ದಳು.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳದಿದ್ದರೆ ನ್ಯಾಯವಲ್ಲ. ಕೇಳುವುದೆಲ್ಲ ಸ್ನೇಹವಲ್ಲ. ಸಂಜೆ ಶಿಫ್ಟು ಬಿಟ್ಟು ಸ್ಟಾಪಿನಲ್ಲಿ ಒಬ್ಬಳೇ ನಿಂತ ಹುಡುಗಿಗೆ "ಯಾವೂರು? ಎಷ್ಟಕ್ಕೆ ಬಿಡ್ತಾರ? ದಿನಾ ಇದ ಬಸ್ಸೇನು?" ಎಂದು ಕೇಳುವ ಗಂಡಸಿನ ಬಾಯಲ್ಲಿ ಅವೇ ಪ್ರಶ್ನೆಗಳು ಕೆಟ್ಟ ವಾಸನೆ ಹೊಡೆಯುತ್ತವೆ. ಆಕೆ ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದರೆ ಅದು ಹಾಡಿಗಾಗಿ ಅಲ್ಲ, ಬೇಲಿಗಾಗಿ. ಎಷ್ಟೋ ಸಲ ಫೋನಿನಲ್ಲಿ ಏನೂ ಹಾಡುತ್ತಿರುವುದಿಲ್ಲ ಎಂದು ನನ್ನ ಮಗಳೇ ಹೇಳಿದ್ದಾಳೆ. ರಾತ್ರಿಪಾಳಿ ಮುಗಿಸಿ ಬಂದವರನ್ನೂ ಬಿಟ್ಟುಬಿಡಬೇಕು. ಅವರ ಮುಖದ ಮೇಲೆ ನಿದ್ದೆಯ ನೋಟೀಸು ಅಂಟಿಸಿರುತ್ತದೆ. ಹುಡುಗರಲ್ಲಿ ಈಗ ಹೊಸ ಸಂಜ್ಞೆಯೊಂದು ಬಂದಿದೆ. ಎರಡೂ ಕಿವಿಗೆ ಸಿಕ್ಕಿಸಿದ್ದರೆ ಅಂಗಡಿ ಬಂದ್. ಒಂದೇ ಕಿವಿಗೆ ಸಿಕ್ಕಿಸಿ ಇನ್ನೊಂದನ್ನು ಕೊರಳಿಗೆ ಬಿಟ್ಟಿದ್ದರೆ, ಬಾಗಿಲು ಅರ್ಧ ತೆರೆದಿದೆ, ವಿಷಯ ಚಲೋ ಇದ್ದರೆ ಬರ್ರಿ ಎಂದರ್ಥ. ಕ್ರಿಕೆಟ್ಟು ಹೇಳಿದರೆ ಇನ್ನೊಂದೂ ಹೊರಗೆ ಬರುತ್ತದೆ.

2018ರಲ್ಲಿ ಬ್ರಿಟನ್ನಿನಲ್ಲಿ ಒಂಟಿತನದ ಖಾತೆಯನ್ನೂ ಒಬ್ಬ ಮಂತ್ರಿಗೆ ವಹಿಸಿದಾಗ ಆ ಸುದ್ದಿಯನ್ನು ಚಾದಂಗಡಿಯಲ್ಲಿ ಓದಿ ಹೇಳಿದ್ದೆ. "ನಮ್ಮಲ್ಲಿ ಆ ಖಾತೆ ಕೊಟ್ರ ಯಾರೂ ತಗೊಳ್ಳಂಗಿಲ್ಲ ಬಿಡ್ರಿ, ಅದರಾಗ ಟೆಂಡರ್ ಇರೂದಿಲ್ಲ" ಎಂದ ಒಬ್ಬ ಲಾರಿ ಡ್ರೈವರ್. ಆತ ಎರಡು ದಿನ ಲೋಡಿಗಾಗಿ ಕಾಯುತ್ತ ಅಲ್ಲೇ ಇದ್ದವನು, ಆ ಎರಡು ದಿನದಲ್ಲಿ ಅಂಗಡಿಯ ಅರ್ಧ ಗಿರಾಕಿಗಳ ಮಕ್ಕಳ ಹೆಸರು ತಿಳಿದುಕೊಂಡಿದ್ದ.

ಮಾತಾಡದೆಯೇ ಪರಿಚಿತರಾದವರದು ಇನ್ನೊಂದು ಜಾತಿ. ದಿನವೂ ಅದೇ ಹೊತ್ತಿಗೆ, ಅದೇ ಕಂಬದ ಪಕ್ಕ ನಿಲ್ಲುತ್ತಾರೆ. ಬಾರದಿದ್ದರೆ ನಮಗೆ ಗೊತ್ತಾಗುತ್ತದೆ, ಹೊಸ ಚಪ್ಪಲಿ ಹಾಕಿದರೂ ಗೊತ್ತಾಗುತ್ತದೆ, ಆದರೆ ಮಾತಿಲ್ಲ. ನ್ಯೂಯಾರ್ಕಿನ ರೈಲು ನಿಲ್ದಾಣಗಳಲ್ಲಿ ಇಂಥವರ ಫೋಟೊ ತೆಗೆಸಿ 1970ರ ದಶಕದ ಮೊದಲಲ್ಲಿ ಅಧ್ಯಯನ ಮಾಡಿದ ಸ್ಟಾನ್ಲಿ ಮಿಲ್‌ಗ್ರಾಂ, ಇವರನ್ನು ಪರಿಚಿತ ಅಪರಿಚಿತರು ಎಂದು ಕರೆದ. ಮುಖ ಗುರುತಾಗಿ ದಿನ ಕಳೆದಷ್ಟೂ ಮಾತು ಶುರುಮಾಡುವುದು ಕಷ್ಟ. ಅದೇ ಮುಖ ದೂರದ ಊರಿನಲ್ಲಿ ಕಂಡರೆ ಮಾತ್ರ ಮೌನ ತಟ್ಟನೆ ಒಡೆಯುತ್ತದೆ ಎಂಬುದು ಆತ ಕಂಡುಕೊಂಡದ್ದು. ನನಗೂ ತಾರಿಹಾಳದ ಸ್ಟಾಪಿನಲ್ಲಿ ಒಬ್ಬರಿದ್ದರು. ಹಳದಿ ಟಿಫಿನ್ ಚೀಲ, ತುದಿ ಸುಟ್ಟ ಮೀಸೆ. ವರ್ಷಗಟ್ಟಲೆ ಹುಬ್ಬು ಮೇಲೆತ್ತುವುದಷ್ಟೇ ನಮ್ಮ ಸಂಭಾಷಣೆ.

ಅವರು ಸಿಕ್ಕಿದ್ದು ಪುಣೆ ಸ್ಟೇಶನ್ನಿನಲ್ಲಿ. ಮಗನ ಮನೆಗೆ ಬಂದು ಹಿಂದಿರುಗುತ್ತಿದ್ದರು, ಜೊತೆಗೆ ಹಳದಿ ಚೀಲ ಇರಲಿಲ್ಲ, ಆದರೂ ಗುರುತು ಹತ್ತಿತು. ಇಬ್ಬರೂ ಒಮ್ಮೆಗೇ "ಅರೇ!" ಎಂದು ಕೂಗಿ ಕೈ ಹಿಡಿದುಕೊಂಡೆವು. ಸುತ್ತ ಮರಾಠಿ, ನಡುವೆ ನಾವಿಬ್ಬರೇ ತಾರಿಹಾಳದವರು. ನಾನಂತೂ ಅಲ್ಲಿಯವನೂ ಅಲ್ಲ. ಸ್ಟಾಪಿನ ಕಂಬದ ಲೈಟು ಹತ್ತದೆ ಎಷ್ಟು ತಿಂಗಳಾಯಿತು, ಚಾದಂಗಡಿಯವನು ಈಚೆಗೆ ಸಕ್ಕರೆ ಹೆಚ್ಚು ಹಾಕಿ ಹಾಲು ಕಡಿಮೆ ಮಾಡಿದ್ದಾನೆ, ಆ ನೀಲಿ ಟಂಟಂನವನು ಬ್ರೇಕ್ ಹಾಕುವ ರೀತಿ, ಇವೇ ಮಾತು. ಗಾಡಿ ಬರುವ ತನಕ ಒಂದು ಕ್ಷಣ ಬಿಡುವು ಕೊಡದೆ ಮಾತಾಡಿದೆವು. ಚಾದ ಹಣ ನಾನು ಕೊಟ್ಟೆ. ಕೊಡಲು ಬಿಡದೆ ಅವರು ನನ್ನ ಮಣಿಕಟ್ಟು ತಿರುಚಿದ್ದರು.

ಊರಿಗೆ ಬಂದ ಮೇಲೆ ಸ್ಟಾಪಿನಲ್ಲಿ ಕಂಡರು, ಅದೇ ಹಳದಿ ಚೀಲ. ಹುಬ್ಬು ಮೇಲೆತ್ತಿದರು. ನಾನೂ ಎತ್ತಿದೆ. ಇನ್ನೇನು ಮೊದಲಿನ ಹಾಗೇ ಆಯಿತು ಎನ್ನುವಷ್ಟರಲ್ಲಿ ಅವರು ಚಾದಂಗಡಿಯ ಕಡೆ ಕೈ ಮಾಡಿದರು.

"ಬರ್ರಿ, ಪುಣ್ಯಾದ್ದು ಬಾಕಿ ಐತಿ."